ಐದು ಗಂಟೆ ಇಪ್ಪತ್ತೊಂದು ನಿಮಿಷದ ಮೌನ

ಸೆನೋಬಿಯಾ ತಾರ್ಕಿ ತಮ್ಮ ಲ್ಯಾಪ್‌ಟಾಪನ್ನು ಬಣ್ಣದ ನೆಯ್ಗೆ ಬಟ್ಟೆಯಲ್ಲಿ ಸುತ್ತಿ, ಕೂಸನ್ನು ಕಟ್ಟಿಕೊಳ್ಳುವಂತೆ ಬೆನ್ನಿಗೆ ಕಟ್ಟಿಕೊಂಡು ಬಂದರು. ಬೆಟ್ಟದ ನೆತ್ತಿಯ ಊರಾದ ಎಲ್ ಆಲ್ತೊದ ಗುರುವಾರದ ಸಂತೆ ಆಗಷ್ಟೇ ಬಿಚ್ಚಿಕೊಳ್ಳುತ್ತಿತ್ತು. ಹಳೆಯ ಟೈರುಗಳ ಸಾಲು ಮುಗಿದು ರಿಪೇರಿಯವರ ಸಾಲು ಶುರುವಾಗುವ ಮೂಲೆಯಲ್ಲಿ ನಿಲ್ದಾ ಸಿರ್ಪಾ ತನ್ನ ಅಂಗಡಿಯ ನೀಲಿ ತಾಡಪಾಲಿಗೆ ಹಗ್ಗ ಬಿಗಿಯುತ್ತಿದ್ದಳು. ಸೆನೋಬಿಯಾ ಗಂಟು ಬಿಚ್ಚಿ, ಯಂತ್ರವನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಕೈಯಿಟ್ಟರು. ಇಟ್ಟ ಕೈಯನ್ನು ತೆಗೆಯಲಿಲ್ಲ.

"ನೋಡು ಮಗಳೇ, ಮೊದ್ಲೇ ಹೇಳ್ಬಿಡ್ತೀನಿ. ಇದನ್ನ ಬಿಚ್ಚೋ ಹಾಗಿಲ್ಲ."

"ಬಿಚ್ಚದೆ ರಿಪೇರಿ ಹೇಗಾಗುತ್ತೆ ದೋನ್ಯಾ? ಮಂತ್ರ ಹಾಕ್ಲಾ?" ಹಿರಿಯ ಹೆಂಗಸರನ್ನೆಲ್ಲ ನಿಲ್ದಾ ಮರ್ಯಾದೆಯಿಂದ ದೋನ್ಯಾ ಎಂದೇ ಕರೆಯುತ್ತಿದ್ದಳು.

"ಮಂತ್ರ ಹಾಕೋರು ಆಚೆ ಸಾಲಲ್ಲಿದಾರೆ. ಅವರ ಹತ್ರಾನೂ ಹೋಗಿ ಬಂದಾಯ್ತು."

ಅವರು ಲ್ಯಾಪ್‌ಟಾಪನ್ನು ಮಗುಚಿ ತೋರಿಸಿದರು. ತಳದ ಹತ್ತು ಸ್ಕ್ರೂಗಳ ತಲೆಗೂ ಕೆಂಪು ಉಗುರುಬಣ್ಣ ಮೆತ್ತಿತ್ತು. ಯಾರೇ ತಿರುಗಿಸಿದರೂ ಬಣ್ಣ ಬಿರಿದು ಗುಟ್ಟು ರಟ್ಟಾಗುತ್ತದೆ.

"ನನ್ನ ನಾದಿನಿ ತನ್ನದನ್ನ ಒಬ್ಬ ರಿಪೇರಿಯವನ ಕೈಗೆ ಕೊಟ್ಲು. ವಾಪಸ್ ಬಂದಾಗ ಮೆಮೊರಿ ಅರ್ಧ. ಈಗ ಅವಳಿಗೂ ಮರೆವು, ಅವಳ ಯಂತ್ರಕ್ಕೂ ಮರೆವು."

ನಿಲ್ದಾಗೆ ಬೇಸರವಾಗಲಿಲ್ಲ. ಈ ಸಂತೆಗೆ ಬರುವ ಯಂತ್ರಗಳಲ್ಲಿ ಮೂರಕ್ಕೊಂದರ ಮೇಲೆ ಹೀಗೆ ಏನಾದರೊಂದು ಕಾವಲು ಇದ್ದೇ ಇರುತ್ತದೆ: ಉಗುರುಬಣ್ಣ, ಮೇಣ, ಕೆಲವೊಮ್ಮೆ ಸಂತರ ಚಿತ್ರದ ಸ್ಟಿಕ್ಕರು. ಆಕೆ ತನ್ನ ಚೌಕುಳಿ ಪುಸ್ತಕವನ್ನು ತೆರೆದು, ದಿನಾಂಕ ಬರೆದು, ಕೆಳಗೆ ಗೆರೆ ಎಳೆದಳು. "ಹೇಳಿ. ಯಾವಾಗ, ಎಲ್ಲಿ, ಹೇಗೆ?"

ಸೆನೋಬಿಯಾ ಒಂದು ಸಣ್ಣ ರೇಡಿಯೊ ಸ್ಟೇಷನ್ನಿನ ದನಿ. ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ ಐದರಿಂದ ಆರರವರೆಗಿನ ಐಮಾರಾ ಭಾಷೆಯ ಕಾರ್ಯಕ್ರಮ ಒಂಬತ್ತು ವರ್ಷಗಳಿಂದ ಅವರದೇ. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರ ಮಂದೆಯ ಲಾಮಾ ತಪ್ಪಿಸಿಕೊಂಡಿತು, ಇಂದು ಹಿಮ ಬಿದ್ದೀತೇ ಎಂಬ ಸುದ್ದಿಗಳು, ನಡುನಡುವೆ ಹಾಡುಗಳು. ಹಾಡುಗಳೆಲ್ಲ ಈ ಲ್ಯಾಪ್‌ಟಾಪಿನಲ್ಲಿದ್ದವು. ನಿನ್ನೆ, ಬುಧವಾರ, ಐದು ಗಂಟೆ ಇಪ್ಪತ್ತೊಂದು ನಿಮಿಷಕ್ಕೆ ಹಾಡಿನ ನಡುವೆಯೇ ಪರದೆ ಕಪ್ಪಾಗಿ ಯಂತ್ರ ಆರಿಹೋಯಿತು. ಮತ್ತೆ ಹಚ್ಚಿದರೆ ಏಳುವುದಕ್ಕೇ ಅರ್ಧ ಗಂಟೆ. ಇವತ್ತು ಕೂಡ ಹಾಗೆಯೇ ಆಯಿತು, ಅದೇ ನಿಮಿಷಕ್ಕೆ.

"ನಿನ್ನೆ ಗಾಬರಿಯಲ್ಲಿ ಸುಮ್ನೆ ಕೂತ್ಬಿಟ್ಟೆ. ಇವತ್ತು ಮೈಕ್ ಮುಂದೆ ನಾನೇ ಹಾಡಿದೆ. ಮೂರು ಜನ ಫೋನ್ ಮಾಡಿದ್ರು."

"ಮೆಚ್ಚಿಕೊಂಡಾ?"

"ದಯವಿಟ್ಟು ಹಾಡಬೇಡಿ ಅಂತ."

ನಕ್ಕರಾದರೂ ಅವರ ಕೈ ಯಂತ್ರದ ಮೇಲಿಂದ ಕದಲಲಿಲ್ಲ. ಸ್ಟೇಷನ್ನಿನ ನಿರ್ದೇಶಕರು ಬೆಳಿಗ್ಗೆಯೇ ಮನೆಯಿಂದ ಫೋನ್ ಮಾಡಿ ಹೇಳಿದ್ದರಂತೆ: ಸೋಮವಾರ ತಾವೇ ಕೇಳುತ್ತಾರೆ, ಅಂದೂ ಹೀಗೇ ಮೌನ ಬಿದ್ದರೆ, ಮಂಗಳವಾರದಿಂದ ಆ ಗಂಟೆಗೆ ಬೇರೆಲ್ಲೋ ಧ್ವನಿಮುದ್ರಿಸಿದ ರಾಶಿಫಲ ಬರುತ್ತದೆ, ಸ್ಪ್ಯಾನಿಷಿನಲ್ಲಿ.

"ಒಂಬತ್ತು ವರ್ಷ. ಅದರ ಜಾಗಕ್ಕೆ ಯಾವನೋ ಬಂದು 'ಇಂದು ನಿಮಗೆ ಪ್ರಯಾಣಯೋಗ' ಅಂತಾನೆ. ನಮ್ಮೋರು ಐದು ಗಂಟೆಗೆ ಆಲೂಗಡ್ಡೆ ಹೊಲಕ್ಕೆ ಹೋಗೋದು ಬಿಟ್ರೆ ಇನ್ನೆಲ್ಲಿಗೆ ಪ್ರಯಾಣ ಮಾಡ್ತಾರೆ?"

ಪಕ್ಕದಲ್ಲಿ ಚಾರ್ಜರ್ ಮಾರುವ ಫ್ರೊಯ್ಲಾನ್ ಅಷ್ಟರಲ್ಲಿ ಕುತ್ತಿಗೆ ಉದ್ದ ಮಾಡಿದ್ದ. "ಹಾರ್ಡ್ ಡಿಸ್ಕ್ ಹೋಗಿದೆ ದೋನ್ಯಾ. ನಾಲ್ಕು ಸಾವಿರ ಮೀಟರ್ ಎತ್ತರ ಇದು, ಡಿಸ್ಕ್‌ಗೂ ಉಸಿರು ಕಟ್ಟುತ್ತೆ. ಈ ಇಂಜಿನಿಯರಮ್ಮನ ಪುಸ್ತಕ ತುಂಬೋದ್ರೊಳಗೆ ಹೊಸದೊಂದು ತಗೊಳ್ಳಿ."

"ಇದರಲ್ಲಿ ತಿರುಗೋ ಡಿಸ್ಕೇ ಇಲ್ಲ ಫ್ರೊಯ್ಲಾನ್. ಚಿಪ್ ಇರೋದು," ಎಂದಳು ನಿಲ್ದಾ. "ಚಿಪ್ಪಿಗೆ ಉಸಿರು ಬೇಡ."

ಅವನ ಮಾತು ಪೂರ್ತಿ ಸುಳ್ಳಲ್ಲವೆಂದು ಆಕೆಗೆ ಗೊತ್ತಿತ್ತು. ತಿರುಗುವ ಡಿಸ್ಕುಗಳು ಈ ತೆಳುಗಾಳಿಯಲ್ಲಿ ನಿಜಕ್ಕೂ ಬೇಗ ಸೊರಗುತ್ತವೆ. ಆದರೆ ಆಕೆಯನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಸಂಗತಿ. ಕೆಟ್ಟ ಯಂತ್ರ ತನಗೆ ಬೇಕೆನಿಸಿದಾಗ ಸಾಯುತ್ತದೆ. ಗಡಿಯಾರ ನೋಡಿಕೊಂಡು ಸಾಯುವುದಿಲ್ಲ. ಎರಡು ದಿನ, ಅದೇ ಗಂಟೆ, ಅದೇ ನಿಮಿಷ! ಪುಸ್ತಕದಲ್ಲಿ ಆಕೆ 'ಐದು ಇಪ್ಪತ್ತೊಂದು' ಎಂದು ಬರೆದು ಸುತ್ತಲೂ ಎರಡು ಸಲ ವೃತ್ತ ಎಳೆದಳು.

ಅಂದು ಒಂಬತ್ತರಿಂದ ಮೂರರವರೆಗೆ ಲ್ಯಾಪ್‌ಟಾಪ್ ಒಂದೇ ಸಮನೆ ಹಾಡಿತು. ನಿಲ್ದಾ ಒಳಗಿನ ಶಾಖವನ್ನು ತೋರಿಸುವ ಪುಟ್ಟ ಪ್ರೋಗ್ರಾಮೊಂದನ್ನು ಪೆನ್ ಡ್ರೈವಿನಿಂದ ಹಾಕಿ, ಪ್ರತಿ ಹತ್ತು ನಿಮಿಷಕ್ಕೊಮ್ಮೆ ಅಂಕಿ ಬರೆದುಕೊಂಡಳು. ಐವತ್ತೆಂಟು ಡಿಗ್ರಿ, ಐವತ್ತೊಂಬತ್ತು, ಐವತ್ತೆಂಟು. ಪಕ್ಕದ ಕಿಂಡಿಗೆ ಅಂಗೈ ಒಡ್ಡಿದಾಗ ಗಾಳಿ ಕೊಂಚ ತೆಳುವೆನಿಸಿತು. ಈ ಊರಿನಲ್ಲಿ ಗಾಳಿಯೇ ತೆಳು ಎಂದುಕೊಂಡು ಮುಂದೆ ಹೋದಳು. ಬ್ಯಾಟರಿ ಸರಿಯಿತ್ತು, ಚಾರ್ಜರ್ ಸರಿಯಿತ್ತು. ಸೆನೋಬಿಯಾ ಎದುರಿನ ಪೆಟ್ಟಿಗೆಯ ಮೇಲೆ ಕೂತು ಟೊಪ್ಪಿ ಹೆಣೆಯುತ್ತ, ನಡುನಡುವೆ ಬಗ್ಗಿ ತಮ್ಮ ಹತ್ತು ಕೆಂಪು ಸ್ಕ್ರೂಗಳನ್ನು ಎಣಿಸುತ್ತಿದ್ದರು.

"ಸಾಯ್ಲೇ ಇಲ್ವಲ್ಲ," ಎಂದರು ಕೊನೆಗೆ, ದೂರುವ ದನಿಯಲ್ಲಿ. "ಡಾಕ್ಟರ್ ಮುಂದೆ ಹೋದ ಕೂಡ್ಲೇ ಕೆಮ್ಮು ನಿಂತ ಹಾಗೆ."

"ಹಾಗಾದ್ರೆ ಕೆಮ್ಮೋ ಜಾಗಕ್ಕೇ ಹೋಗ್ಬೇಕು. ನಾಳೆ ಬೆಳಿಗ್ಗೆ ಸ್ಟೇಷನ್ನಿಗೆ ಬರ್ಲಾ?"

"ಐದಕ್ಕೆ?"

"ಐದಕ್ಕೆ."

ಸೆನೋಬಿಯಾ ಆಕೆಯನ್ನು ಮೇಲಿಂದ ಕೆಳಗೆ ನೋಡಿದರು. "ದಪ್ಪ ಸ್ವೆಟರ್ ಹಾಕ್ಕೊಂಡು ಬಾ. ಹೀಟರ್ ಇರೋದು ನಿರ್ದೇಶಕರ ರೂಮಲ್ಲಿ. ಅವರು ಬರೋದು ಹತ್ತಕ್ಕೆ."

ಶುಕ್ರವಾರ ಐದಕ್ಕೆ ಐದು ನಿಮಿಷವಿದ್ದಾಗ ನಿಲ್ದಾ ಸ್ಟೇಷನ್ನಿನ ಮೂರನೆಯ ಮಹಡಿಯ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಕಿಟಕಿಯ ಗಾಜಿನ ಒಳಗಡೆಯೂ ಹಿಮ ಕಟ್ಟಿತ್ತು. ಸೆನೋಬಿಯಾ ದುಂಡು ಹ್ಯಾಟನ್ನು ಮೊಳೆಗೆ ನೇತುಹಾಕಿ, ಲ್ಯಾಪ್‌ಟಾಪ್ ಇಟ್ಟು, ಚಾರ್ಜರ್ ಸಿಕ್ಕಿಸಿ, ಹಾಡು ಪ್ರಸಾರಕ್ಕೆ ಹೋಗುವ ತಂತಿ ಸಿಕ್ಕಿಸಿದರು. ಕೊನೆಗೆ ಗೋಡೆಯಿಂದ ಬಂದ ಹಳದಿ ನೆಟ್ ಕೇಬಲನ್ನು ಕಣ್ಣು ಹಾಯಿಸದೆಯೇ ಪಕ್ಕದ ತೂತಿಗೆ ಚುಚ್ಚಿದರು.

ನಿಲ್ದಾ ಪೆನ್ನನ್ನು ಎತ್ತಿದವಳು ಹಾಗೆಯೇ ತಡೆದಳು.

"ಅದು ಯಾಕೆ?"

"ಜನ ಸಂದೇಶ ಕಳಿಸ್ತಾರಲ್ಲ, ಇದರಲ್ಲೇ ಬರೋದು. ಮನೇಲಿ ನಂಗೆ ನೆಟ್ ಇಲ್ಲ. ಯಾಕೆ?"

ಉತ್ತರ ಹೇಳುವಷ್ಟರಲ್ಲಿ ಕೆಂಪು ದೀಪ ಹತ್ತಿತು. ಸೆನೋಬಿಯಾ ಮೈಕಿನ ಕಡೆ ವಾಲಿದರು. ಅವರ ದನಿ ಹತ್ತು ವರ್ಷ ಕಿರಿಯದಾಯಿತು. ನಿಲ್ದಾ ಪುಸ್ತಕದಲ್ಲಿ ಬರೆದುಕೊಂಡಳು: ಅಂಗಡಿಯಲ್ಲಿ ಇಲ್ಲದಿದ್ದದ್ದು, ಇಲ್ಲಿ ಇರುವುದು — ಕೇಬಲ್. ಪರರ ಯಂತ್ರವನ್ನು ತನ್ನ ಜಾಲಕ್ಕೆ ಸೇರಿಸಬಾರದೆಂಬುದು ಆಕೆಯದೇ ನಿಯಮ. ರೋಗವಿರುವ ಯಂತ್ರ ಬಂದರೆ ಉಳಿದವಕ್ಕೂ ಅಂಟೀತು ಎಂಬ ಎಚ್ಚರ. ಆ ಎಚ್ಚರವೇ ನಿನ್ನೆ ಇಡೀ ದಿನ ಆಕೆಯ ಕಣ್ಣಿಗೆ ಬಟ್ಟೆ ಕಟ್ಟಿತ್ತು.

ಐದು ಗಂಟೆಗೆ ಐವತ್ತೆಂಟು ಡಿಗ್ರಿ. ಐದು ಆರಕ್ಕೆ ಪರದೆಯ ಮೂಲೆಯಲ್ಲಿ ಒಂದು ಚಿಕ್ಕ ಬಾಣ ಸದ್ದಿಲ್ಲದೆ ಸುತ್ತತೊಡಗಿತು. ಐದು ಹತ್ತಕ್ಕೆ ಎಪ್ಪತ್ತೊಂದು. ಹದಿನಾಲ್ಕಕ್ಕೆ ಎಂಬತ್ತಾರು. ಎಲ್ ಆಲ್ತೊದಲ್ಲಿ ನೀರು ಕುದಿಯುವುದು ಅಷ್ಟರಲ್ಲೇ. ಹದಿನೆಂಟಕ್ಕೆ ತೊಂಬತ್ತೈದು. ಫ್ಯಾನಿನ ಸದ್ದು ಏರಿತು, ಆದರೆ ಕಿಂಡಿಗೆ ಒಡ್ಡಿದ ಅಂಗೈಗೆ ಗಾಳಿ ಏರಲಿಲ್ಲ. ನಿಲ್ದಾ ಬೆರಳೆತ್ತಿ ಸನ್ನೆ ಮಾಡಿದಳು. ಸೆನೋಬಿಯಾ ಹಾಡಿನ ದನಿ ತಗ್ಗಿಸಿ, ಕಳೆದುಹೋದ ಲಾಮಾವೊಂದರ ಗುರುತುಗಳನ್ನು ಹೇಳಲು ಶುರುಮಾಡಿದರು. ಇಪ್ಪತ್ತೊಂದಕ್ಕೆ ನೂರಮೂರು. ಪರದೆ ಕಪ್ಪಾಯಿತು.

ಲಾಮಾದ ಗುರುತುಗಳು ಆ ಬೆಳಿಗ್ಗೆ ಬಹಳ ವಿವರವಾಗಿ ಪ್ರಸಾರವಾದವು. ಅದರ ಕಿವಿಯ ದಾರದ ಬಣ್ಣ, ನಡೆಯುವ ಓರೆ, ಅದರ ತಾಯಿಯ ಸ್ವಭಾವ, ಎಲ್ಲವೂ. ಆರು ಹೊಡೆದು ಕೆಂಪು ದೀಪ ಆರಿದ ಮೇಲೆ ಸೆನೋಬಿಯಾ ಕುರ್ಚಿಗೆ ಒರಗಿದರು.

"ಯಾರು ಕೊಲ್ತಿರೋದು? ಹೇಳು."

"ಅಪ್‌ಡೇಟ್," ಎಂದಳು ನಿಲ್ದಾ. ಕೂಡಲೇ ಇಲ್ಲವೆಂದು ತಲೆಯಾಡಿಸಿದಳು. "ಅಲ್ಲ. ಅಪ್‌ಡೇಟ್ ಬಂದಾಗ ಸಾಯ್ತಿದೆ. ಅದು ಬೇರೆ, ಇದು ಬೇರೆ."

"ನಂಗೆ ಎರಡೂ ಒಂದೇ ಥರ ಕೇಳಿಸ್ತು."

"ನೋಡಿ ದೋನ್ಯಾ. ಈ ಯಂತ್ರದೊಳಗಿನ ಪ್ರೋಗ್ರಾಮಿನಲ್ಲಿ ಕಳ್ಳರು ನುಗ್ಗೋ ಸಂದುಗಳು ಪತ್ತೆಯಾಗ್ತಾ ಇರ್ತವೆ. ಮಾಡಿದವರು ಅದಕ್ಕೆಲ್ಲ ತೇಪೆ ಹೊಲಿದು ಕಳಿಸ್ತಾರೆ. ತಿಂಗಳಿಗೊಮ್ಮೆ, ಎರಡನೇ ಮಂಗಳವಾರ."

"ಮಂಗಳವಾರ?" ಸೆನೋಬಿಯಾ ನೆಟ್ಟಗೆ ಕೂತರು. "ಅವರೂ ಮಂಗಳವಾರಾನೇ ಮಾಡ್ತಾರಾ? ನಾನೂ ಹೋದ ವಾರ ಕಾರ್ನಿವಲ್ ಮಂಗಳವಾರ ಚಲ್ಲಾ ಪೂಜೆ ಮಾಡಿದಾಗ ಇದಕ್ಕೂ ಪಾಲು ಕೊಟ್ಟಿದ್ದೆ. ಎಂಟು ದಿನಕ್ಕೆ ಸರಿಯಾಗಿ ಹೀಗಾಯ್ತು."

ನಿಲ್ದಾ ಅದನ್ನು ಕೇಳಿಸಿಕೊಂಡಳು, ಆದರೆ ಆಕೆಯ ಮನಸ್ಸು ಅಂಕಿಗಳಲ್ಲಿತ್ತು. "ಮಂಗಳವಾರ ಮಧ್ಯಾಹ್ನ ಅಪ್‌ಡೇಟ್ ಹೊರಟಿತು. ನಿಮ್ಮನೇಲಿ ನೆಟ್ ಇಲ್ಲ. ಬುಧವಾರ ಐದಕ್ಕೆ ನೀವಿಲ್ಲಿ ಕೇಬಲ್ ಚುಚ್ಚಿದ್ರಿ, ಅದು ಒಳಗೆ ಬಂತು. ಬೆಳಿಗ್ಗೆ ಐದು ಅಂದ್ರೆ ಯಾರೂ ಎದ್ದಿರಲ್ಲ ಅಂತ ಯಂತ್ರಕ್ಕೆ ಹೇಳಿಕೊಟ್ಟಿದಾರೆ. ಅದಕ್ಕೇ ಆಗ್ಲೇ ಕೆಲಸ ಶುರು ಮಾಡುತ್ತೆ. ಅರ್ಧಕ್ಕೆ ಸತ್ತು, ಮರುದಿನ ಮತ್ತೆ ಮೊದಲಿಂದ."

"ಐದಕ್ಕೆ ಯಾರೂ ಎದ್ದಿರಲ್ವಾ! ಅದನ್ನ ಹೇಳಿಕೊಟ್ಟೋರು ಐಮಾರಾ ಜನಾನ ನೋಡೇ ಇಲ್ಲ ಬಿಡು." ಸೆನೋಬಿಯಾ ಕೈ ಕೊಡವಿದರು. "ಸರಿ, ಸಿಕ್ತಲ್ಲ. ಅದನ್ನ ನಿಲ್ಸಿಬಿಡು. ಅಪ್‌ಡೇಟೂ ಬೇಡ, ಸಾವೂ ಬೇಡ."

ಒಂದು ಗುಂಡಿ ಒತ್ತಿದರೆ ಮುಗಿಯಿತು. ಸೋಮವಾರ ಹಾಡು ನಿಲ್ಲುವುದಿಲ್ಲ, ಸೆನೋಬಿಯಾ ಹರಸುತ್ತಾರೆ, ಗಂಟೆ ಉಳಿಯುತ್ತದೆ. ನಿಲ್ದಾ ಮೇಜಿನ ಮೇಲಿನ ರೊಟ್ಟಿಬುಟ್ಟಿಯನ್ನು ನೋಡಿದಳು. ಅದರಲ್ಲಿ ರೊಟ್ಟಿಯಿರಲಿಲ್ಲ, ಕೇಳುಗರು ಹಾಡು ತುಂಬಿಸಿ ಕೊಟ್ಟ ಪೆನ್ ಡ್ರೈವುಗಳು ರಾಶಿ ಬಿದ್ದಿದ್ದವು. ಇಪ್ಪತ್ತಾದರೂ ಇದ್ದೀತು.

"ಇವನ್ನೆಲ್ಲ ಇದಕ್ಕೇ ಚುಚ್ತೀರಾ?"

"ಮತ್ತೆ? ಜನ ಅಷ್ಟು ದೂರದಿಂದ ತಂದುಕೊಡ್ತಾರೆ."

"ಎಲ್ಲೆಲ್ಲಿ ಹೊಕ್ಕು ಬಂದಿರ್ತವೋ ಏನೋ. ತೇಪೆ ಹಾಕದೆ ಇವನ್ನ ಚುಚ್ಚೋದು ಅಂದ್ರೆ ಬಾಗಿಲು ತೆಗೆದಿಟ್ಟು ಸಂತೆಗೆ ಹೋದ ಹಾಗೆ. ಇವತ್ತು ಒಂದು ಬೆಳಿಗ್ಗೆ ಮೌನ. ಆಮೇಲೆ ಒಂದಿನ ಒಂಬತ್ತು ವರ್ಷದ ಹಾಡೂ ಇರಲ್ಲ." ಆಕೆ ಪುಸ್ತಕವನ್ನು ಅವರ ಕಡೆ ತಿರುಗಿಸಿದಳು. "ಅಪ್‌ಡೇಟ್ ಯಾರನ್ನೂ ಕೊಲ್ಲಲ್ಲ ದೋನ್ಯಾ. ಅದು ಯಂತ್ರದ ಕೈಲಿ ಏರು ಹತ್ತಿಸುತ್ತೆ, ಅಷ್ಟೇ. ಕೆಳಗಿನ ಲಾ ಪಾಸ್‌ನಿಂದ ಇಲ್ಲಿಗೆ ಮೆಟ್ಟಿಲು ಹತ್ತಿ ಬಂದೋರಿಗೆ ಎದೆ ಕಟ್ಟಿದ್ರೆ, ತಪ್ಪು ಮೆಟ್ಟಿಲಿನದಾ?"

"ಎದೇದು."

"ಆ ಎದೇನ ನಾನು ನೋಡ್ಬೇಕು. ನಿಮ್ಮ ಕಣ್ಮುಂದೇನೇ ಬಿಚ್ತೀನಿ. ಒಂದೊಂದು ಸ್ಕ್ರೂನೂ ನಿಮ್ಮ ಕೈಗೇ ಕೊಡ್ತೀನಿ."

ಸೆನೋಬಿಯಾ ಪುಸ್ತಕದ ಅಂಕಿಗಳನ್ನು ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದರು. ನೂರಮೂರರ ಮೇಲೆ ಬೆರಳು ನಿಂತಿತು. ಆಮೇಲೆ ಹ್ಯಾಟನ್ನು ಮೊಳೆಯಿಂದ ತೆಗೆದು, ಮಗುಚಿ, ತೊಡೆಯ ಮೇಲಿಟ್ಟುಕೊಂಡರು.

"ಹಾಕು ಇದರೊಳಗೆ. ಹತ್ತು."

ಹತ್ತು ಸ್ಕ್ರೂಗಳು ಹ್ಯಾಟಿನೊಳಗೆ ಬಿದ್ದವು. ಪ್ರತಿಯೊಂದರ ಜೊತೆಗೂ ಕೆಂಪು ಬಣ್ಣದ ಒಂದು ಚಕ್ಕೆ. ನಿಲ್ದಾ ತಳದ ಮುಚ್ಚಳವನ್ನು ಸುತ್ತಲೂ ಸಡಿಲಿಸಿ ಎತ್ತಿದಳು. ಒಳಗಿನಿಂದ ಹುಳಿ ವಾಸನೆ ಬಂತು. ಹಬ್ಬದ ಮರುದಿನದ ಅಂಗಳದ ವಾಸನೆ. ಫ್ಯಾನಿಗೂ ಶಾಖವನ್ನು ಹೊರಹಾಕುವ ತಾಮ್ರದ ತೆಳು ಹಲ್ಲುಗಳಿಗೂ ನಡುವೆ ಬೂದುಬಣ್ಣದ ಧೂಳು ಇರಬೇಕಿತ್ತು. ಅಲ್ಲಿದ್ದದ್ದು ಬಣ್ಣ.

ಗುಲಾಬಿ ಮತ್ತು ಬಿಳಿಯ ಪುಟ್ಟ ದುಂಡು ಕಾಗದದ ಚುಕ್ಕಿಗಳು, ಒಂದರ ಮೇಲೊಂದು ಒತ್ತಿ, ಬಿಯರಿನ ಅಂಟಿನಲ್ಲಿ ಕೂಡಿಕೊಂಡು, ಕಂಬಳಿಯಂತೆ ಗಟ್ಟಿಯಾಗಿದ್ದವು. ನಿಲ್ದಾ ಚಿಮಟದಿಂದ ಆ ತುಂಡನ್ನು ಮೆಲ್ಲಗೆ ಈಚೆಗೆಳೆದು ಬಿಳಿ ಕಾಗದದ ಮೇಲಿಟ್ಟು, ಅಡ್ಡದಿಂದ ನೋಡಿದಳು. ಉಸಿರು ಬಿಗಿಹಿಡಿದು ಮತ್ತೊಮ್ಮೆ ನೋಡಿದಳು. ನದಿ ಕೊರೆದ ಬಂಡೆಯಲ್ಲಿ ಕಾಣುವಂತೆ ಪದರಗಳಿದ್ದವು. ಮೇಲೆ ಗುಲಾಬಿ-ಬಿಳಿ. ಅದರ ಕೆಳಗೆ ನೀಲಿ. ಅದರ ಕೆಳಗೆ ಹಸಿರು ಬೆರೆತ ಕೆಂಪು, ಮತ್ತೆ ಬರಿಯ ಹಳದಿ. ಎಲ್ಲಕ್ಕಿಂತ ಕೆಳಗೆ ಮಾಸಲು ಬಿಳಿ, ಅದರಲ್ಲಿ ಕಪ್ಪು ಚೂರುಗಳು. ಆಕೆ ಭೂತಗನ್ನಡಿ ಹಿಡಿದಳು. ಕಪ್ಪು ಚೂರುಗಳು ಅಕ್ಷರಗಳಾಗಿದ್ದವು.

ನಿಲ್ದಾಗೆ ಉತ್ತರ ಸಿಕ್ಕಿತ್ತು. ಹೋದ ವಾರದ ಮಂಗಳವಾರ ಆಕೆಯೂ ತನ್ನ ಅಂಗಡಿಯ ನಾಲ್ಕು ಮೂಲೆಗೆ ಬಿಯರ್ ಚಿಮುಕಿಸಿ, ಮೇಜಿನ ಮೇಲೆ ಬಣ್ಣದ ಚುಕ್ಕಿ ಎರಚಿ, ಭೂತಾಯಿ ಪಾಚಮಾಮಾಳನ್ನು ನೆನೆದಿದ್ದಳು. ಅನ್ನ ಕೊಡುವ ಯಾವ ವಸ್ತುವನ್ನೂ ಆ ದಿನ ಬಿಡುವುದಿಲ್ಲ. ಹೊಲಿಗೆಯಂತ್ರಕ್ಕೆ ಉಂಟು, ಬಸ್ಸಿಗೆ ಉಂಟು. ಸೆನೋಬಿಯಾಗೆ ಅನ್ನ ಕೊಡುವುದು ಇದು.

ಸೆನೋಬಿಯಾರೇ ಬಗ್ಗಿ ನೋಡಿದರು.

"ಈ ನೀಲಿ ಹೋದ ವರ್ಷದ್ದು," ಎಂದರು. ಬೆರಳು ಕೆಳಗಿಳಿಯಿತು. "ಹಳದಿ ವರ್ಷ ಅಂಗಡಿಯಲ್ಲಿ ಬೇರೆ ಬಣ್ಣಾನೇ ಇರ್ಲಿಲ್ಲ. ಇದು... ಇದು ಮೊದಲ್ನೇದು. ಯಂತ್ರ ತಗೊಂಡ ವರ್ಷ. ರೋಗ ಅಂತ ಬೀದಿಯೆಲ್ಲ ಮುಚ್ಚಿದ್ರು, ಚುಕ್ಕಿ ಮಾರೋರು ಒಬ್ಬರೂ ಬರ್ಲಿಲ್ಲ. ಆಫೀಸಿನ ತೂತು ಹಾಕೋ ಯಂತ್ರ ತಂದು, ಒಂದು ಇಡೀ ಪತ್ರಿಕೆಗೆ ತೂತು ಹಾಕಿದ್ದೆ." ಅವರು ಕಣ್ಣೆತ್ತಿದರು. "ಐದು ವರ್ಷ ಹರಸಿದ ಕೈಯೇ ಕತ್ತು ಹಿಸುಕ್ತಾ ಬಂತಾ ಮಗಳೇ?"

"ನೀವು ಹರಸಿದ್ದು ತಪ್ಪಲ್ಲ. ಈ ಕಿಂಡಿ ಇದೆಯಲ್ಲ, ಇದು ಗಾಳಿ ಎಳಕೊಳ್ಳುತ್ತೆ. ಹತ್ತಿರ ಏನು ಬಿದ್ರೂ ಒಳಗೇ. ಮೊದಲೇ ಇಲ್ಲಿ ಗಾಳಿ ತೆಳು. ಸುಮ್ನೆ ಹಾಡೋದಕ್ಕೆ ಸಾಕಾಗ್ತಿತ್ತು. ಈ ಸಲದ ಗುಲಾಬಿ ಪದರ ಕೂತು ಪೂರ್ತಿ ಮುಚ್ಚಿದ ಮೇಲೆ ಏರು ಹತ್ತೋಕೆ ಆಗ್ಲಿಲ್ಲ."

ಸೆನೋಬಿಯಾ ತುಂಬ ಹೊತ್ತು ಆ ತುಂಡನ್ನು ನೋಡಿದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಿಲ್ದಾ ಕೈ ಚಾಚಿದಳು. ಅವರು ನಗುತ್ತಿದ್ದರು.

"ಪಾಚಮಾಮಾಳ ಪಾಲು ಅವಳಿಗೆ ತಲುಪೇ ಇಲ್ಲ! ಐದು ವರ್ಷ ನಾನು ಸುರಿದದ್ದನ್ನೆಲ್ಲ ಈ ಡಬ್ಬೀನೇ ಕುಡಿದಿದೆ. ಕುಡುಕ ಮುಂಡೇದು. ಬೆಳಿಗ್ಗೆ ಐದಕ್ಕೆ ಎದ್ದು ಕೆಲಸ ಮಾಡು ಅಂದ್ರೆ ಎಲ್ಲಿಂದ ಮಾಡುತ್ತೆ?"

ಪದರಗಳನ್ನೆಲ್ಲ ಅವರು ಕಾಗದದಲ್ಲಿ ಮಡಿಸಿ ಎದೆಗೆ ಸಿಕ್ಕಿಸಿಕೊಂಡರು. ಮನೆಯ ಅಂಗಳದಲ್ಲಿ ಗುಂಡಿ ತೋಡಿ, ತಡವಾದರೂ ಪಾಚಮಾಮಾಳ ಪಾಲನ್ನು ಅವಳಿಗೇ ಸೇರಿಸಬೇಕು ಎಂದರು. ನಿಲ್ದಾ ಒಂದೇ ಒಂದು ಚುಕ್ಕಿಯನ್ನು ಬೇಡಿ ಪಡೆದಳು. ಪತ್ರಿಕೆಯ ಚುಕ್ಕಿ, ಅದರ ಮೇಲೆ ಅರ್ಧ ಅಕ್ಷರ. ಅದನ್ನು ಪುಸ್ತಕದ ಆ ದಿನದ ಪುಟಕ್ಕೆ ಅಂಟಿಸಿದಳು.

ಆಮೇಲಿನದು ಕೈಗೆ ಪಳಗಿದ ಕೆಲಸ. ತಾಮ್ರದ ಹಲ್ಲುಗಳನ್ನು ಬ್ರಷ್ಷು, ಸ್ಪಿರಿಟ್ಟಿನಿಂದ ತೊಳೆದು, ಫ್ಯಾನಿನ ಅಂಟು ಬಿಡಿಸಿ, ಚಿಪ್ಪಿನ ಮೇಲೆ ಹೊಸ ಶಾಖದ ಪೇಸ್ಟ್ ಸವರಿ ಮುಚ್ಚಿದಳು. ಹಳದಿ ಕೇಬಲ್ ಮತ್ತೆ ಚುಚ್ಚಿ, ಅಪ್‌ಡೇಟನ್ನು ತಾನೇ ಶುರುಮಾಡಿಸಿದಾಗ ಇಬ್ಬರೂ ಪರದೆಗೆ ಮುಖ ಕೊಟ್ಟು ಕೂತರು. ಬಾಣ ಸುತ್ತಿತು. ಅರವತ್ತು. ಅರವತ್ತೆಂಟು. ಎಪ್ಪತ್ತನಾಲ್ಕು. ಅಲ್ಲಿಗೆ ನಿಂತಿತು. ಕಿಂಡಿಯಿಂದ ಬಿಸಿಗಾಳಿ ರಭಸವಾಗಿ ಬರುತ್ತಿತ್ತು; ಸೆನೋಬಿಯಾ ಚಳಿಗೆ ಮರಗಟ್ಟಿದ ಬೆರಳುಗಳನ್ನು ಅದಕ್ಕೆ ಒಡ್ಡಿ ಕಾಯಿಸಿಕೊಂಡರು. ನಲವತ್ತು ನಿಮಿಷಗಳ ಬಳಿಕ ತೇಪೆ ಪೂರ್ತಿ ಕೂತಿತು. ಇನ್ನು ಮುಂದೆ ಐದರಿಂದ ಆರರವರೆಗೆ ಯಜಮಾನಿ ಎದ್ದಿರುತ್ತಾಳೆ ಎಂದು ನಿಲ್ದಾ ಯಂತ್ರಕ್ಕೆ ತಿಳಿಸಿಕೊಟ್ಟಳು. ಹಾಡುಗಳದ್ದೊಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಇಳಿಸಿಕೊಟ್ಟು, ಪೆನ್ ಡ್ರೈವುಗಳನ್ನು ಚುಚ್ಚಿದ ಕೂಡಲೇ ತೆರೆಯದೆ ಮೊದಲು ಪರೀಕ್ಷಿಸುವ ಕ್ರಮವನ್ನು ಎರಡು ಸಲ ಮಾಡಿಸಿದಳು.

"ಮುಂದಿನ ಕಾರ್ನಿವಲ್‌ಗೆ?" ಎಂದರು ಸೆನೋಬಿಯಾ, ಹ್ಯಾಟಿನಿಂದ ಸ್ಕ್ರೂಗಳನ್ನು ಒಂದೊಂದಾಗಿ ಕೊಡುತ್ತ.

"ಆರಿಸಿ, ಮುಚ್ಚಿ, ನಿಮ್ಮ ಬಟ್ಟೆಯಲ್ಲಿ ಸುತ್ತಿಡಿ. ನೆಲಕ್ಕೆ ಎಷ್ಟು ಬೇಕಾದ್ರೂ ಸುರಿಯಿರಿ."

ಹತ್ತನೆಯ ಸ್ಕ್ರೂ ಬಿಗಿದ ಮೇಲೆ ಅವರು ಲಂಗದ ಒಳಜೇಬಿನಿಂದ ಉಗುರುಬಣ್ಣದ ಸೀಸೆ ತೆಗೆದು ಹತ್ತಕ್ಕೂ ಮತ್ತೆ ಹಚ್ಚಿದರು. "ನಿನ್ನ ಮೇಲೆ ಅನುಮಾನ ಅಂತಲ್ಲ ಮಗಳೇ."

"ಗೊತ್ತು. ಫ್ರೊಯ್ಲಾನ್ ಮೇಲೆ."

ಸೋಮವಾರ ಐದಕ್ಕೆ ನಿಲ್ದಾ ಮನೆಯ ಅಡಿಗೆಕೋಣೆಯಲ್ಲಿ, ನೇರಳೆ ಜೋಳದ ಬಿಸಿ ಅಪಿಯ ಲೋಟ ಹಿಡಿದು, ರೇಡಿಯೊ ಮುಂದೆ ಕೂತಿದ್ದಳು. ಶನಿವಾರ ಎಲ್ಲ ಸರಿಯಾಗಿತ್ತು. ಆದರೂ ನಿರ್ದೇಶಕರು ಕಿವಿಯಿಟ್ಟಿರುವುದು ಇವತ್ತು. ಐದು ಹದಿನೆಂಟಕ್ಕೆ ಒಂದು ಹಾಡು ಶುರುವಾಯಿತು. ಹತ್ತೊಂಬತ್ತು. ಇಪ್ಪತ್ತು. ಆಕೆ ಗಡಿಯಾರದ ಮುಳ್ಳನ್ನೇ ನೋಡುತ್ತಿದ್ದಳು. ಇಪ್ಪತ್ತೊಂದಕ್ಕೆ ಹಾಡು ನಿಂತಿತು.

ಮೌನ. ಒಂದು ಕ್ಷಣ, ಎರಡು ಕ್ಷಣ. ಲೋಟ ತುಟಿಯ ಬಳಿಯೇ ಉಳಿಯಿತು.

"ಹಾಡು ಮುಗೀತು," ಎಂದಿತು ಸೆನೋಬಿಯಾರ ದನಿ, ಮೆಲ್ಲಗೆ, ಬೇಕೆಂದೇ ಕಾಯಿಸಿದವರ ತೃಪ್ತಿಯಲ್ಲಿ. "ಗಾಬರಿ ಆಯ್ತಾ? ಈಗ ಐದು ಗಂಟೆ ಇಪ್ಪತ್ತೊಂದು ನಿಮಿಷ. ನಾನು ಇಲ್ಲೇ ಇದ್ದೀನಿ. ನನ್ನ ಯಂತ್ರಾನೂ ಇಲ್ಲೇ ಇದೆ, ಅದು ಕುಡಿಯೋದು ಬಿಟ್ಟಿದೆ. ನಿಮ್ಮನೇಲೂ ಇಂಥದ್ದೊಂದು ಇದ್ದು, ನೀವೂ ಕಾರ್ನಿವಲ್ ದಿನ ಅದಕ್ಕೆ ಕುಡಿಸಿದ್ರೆ, ನಾಚ್ಕೋಬೇಡಿ, ಒಂದ್ಸಲ ತೆಗೆಸಿ ನೋಡಿ. ಮತ್ತೆ ಶುಕ್ರವಾರ ಹೇಳಿದ್ನಲ್ಲ, ಆ ಲಾಮಾ ಸಿಕ್ತಂತೆ. ತಾಯಿ ಸ್ವಭಾವ ಕೇಳೇ ಗುರುತು ಹಿಡಿದ್ರಂತೆ."

ನಿಲ್ದಾ ಲೋಟವನ್ನು ಕೆಳಗಿಟ್ಟಳು. ಅಡಿಗೆಮೇಜಿನ ಇನ್ನೊಂದು ತುದಿಯಲ್ಲಿ ಆಕೆಯ ಸ್ವಂತ ಲ್ಯಾಪ್‌ಟಾಪ್ ಇತ್ತು. ಊರಿನ ಯಂತ್ರಗಳನ್ನೆಲ್ಲ ಪರೀಕ್ಷಿಸುವ, ಎಂದೂ ಕೆಡದ ಯಂತ್ರ. ಪ್ರತಿ ಕಾರ್ನಿವಲ್ ಮಂಗಳವಾರ ಅದೂ ಅಂಗಡಿಯ ಮೇಜಿನ ಮೇಲೆಯೇ ಇರುತ್ತಿತ್ತು. ಈಚೆಗೆ ಕೊಂಚ ಬಿಸಿಯಾಗುತ್ತಿದೆಯೆಂದು ಆಕೆಗೆ ಅನಿಸಿದ್ದೂ ನಿಜ. ಹತ್ತಿರಕ್ಕೆಳೆದುಕೊಂಡು, ಪಕ್ಕದ ಕಿಂಡಿಗೆ ಟಾರ್ಚ್ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು.

ಒಳಗೆ, ಬಹಳ ಆಳದಲ್ಲಿ, ಹಳದಿಯ ಒಂದು ಚುಕ್ಕಿ ಹೊಳೆಯಿತು. ಆಕೆ ಪುಸ್ತಕ ತೆರೆದು, ದಿನಾಂಕ ಬರೆದು, ಕೆಳಗೆ ಗೆರೆ ಎಳೆದು, ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು.